ನಿಲುವಿಲ್ಲದ ಪ್ರಚಾರಬರಹ

ನವೋದ್ಯಮಗಳ ಪ್ರಚಾರಬರಹಕ್ಕೆ ಸ್ವಂತ ನಿಲುವು ಬೇಕಿಲ್ಲ, ಗ್ರಾಹಕರು ಹುಡುಕುವ ಪದಗಳಿದ್ದರೆ ಸಾಕೆಂಬ ವಾದ ಸವದತ್ತಿಯ ನಮ್ಮ ಪದವೀಧರರಲ್ಲೂ ಕೇಳಿಬರುತ್ತಿದೆ. ಇದನ್ನು ಒಪ್ಪಲಾಗದು.

ಕ್ರಿ.ಶ. 941ರ ಸುಮಾರಿಗೆ ಪಂಪನು ಅರ್ಜುನನನ್ನು ನಾಯಕನನ್ನಾಗಿಸಿ ಅರಿಕೇಸರಿಯೊಡನೆ ಸಮೀಕರಿಸಿದನು. ರಾಮದುರ್ಗದಾಚೆಯ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಅದೇ ಭಾರತಕಥೆಯಿಂದ ಭೀಮನನ್ನು ಆರಿಸಿ ಸತ್ಯಾಶ್ರಯನೊಡನೆ ಸಮೀಕರಿಸಿದನು. ಎರಡೂ ಒಂದರ್ಥದಲ್ಲಿ ಆಶ್ರಯದಾತರ ಪ್ರಚಾರವೇ. ಆದರೆ ರನ್ನನು ಪಂಪನನ್ನು ನಕಲು ಮಾಡಲಿಲ್ಲ; ಸೋಲುವ ದುರ್ಯೋಧನನಿಗೂ ಘನತೆಯನ್ನಿತ್ತನು. ಅರಸರ ಹೊಗಳಿಕೆ ಇಂದು ಇತಿಹಾಸದ ವಿಷಯ. ‘ಗದಾಯುದ್ಧ’ವನ್ನು ನಾವು ಓದುತ್ತಿರುವುದು ಆ ನೋಟಕ್ಕಾಗಿ.

ಗಳಗನಾಥರು ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದಾಗಲೂ ಕನ್ನಡಿಗರನ್ನು ಓದುಗರನ್ನಾಗಿಸಬೇಕೆಂಬ ನಿಲುವು ಅವರ ವ್ಯಾಪಾರದೊಳಗೇ ಇತ್ತು.

ವಿದ್ಯಾರ್ಥಿಗಳು ಉದ್ಯಮಗಳಿಗಾಗಿ ಬರೆಯಲಿ, ತಪ್ಪಲ್ಲ. ಆದರೆ ಉಳಿದವರು ಹೇಳದ ಯಾವ ಮಾತು ತಮ್ಮಲ್ಲಿದೆಯೆಂದು ಮೊದಲು ಕೇಳಿಕೊಳ್ಳಲಿ. ಉತ್ತರ ದೊರೆಯದಿದ್ದರೆ ಬರೆಯದಿರುವುದೇ ಲೇಸು.