ಗೂಢಚಾರನ ಕಣ್ಣು, ಅರಸನ ಕಿವಿ

ಹೂವಿನ ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ತಾಮ್ರಶಾಸನವು ಕನ್ನಡನಾಡಿನ ಪ್ರಾಚೀನ ದಾಖಲೆಗಳಲ್ಲಿ ಒಂದು. ಪ್ರಾಕೃತ ಭಾಷೆಯ ಈ ದತ್ತಿಶಾಸನದಲ್ಲಿ ಅರಸನು ತನ್ನ ಆಜ್ಞೆಯನ್ನು ಯಾರು ಯಾರಿಗೆ ತಿಳಿಸುತ್ತಿದ್ದಾನೆ ಎಂಬ ದೀರ್ಘವಾದ ಪಟ್ಟಿಯೊಂದು ಬರುತ್ತದೆ. ರಾಜಕುಮಾರರು, ಸೇನಾಪತಿಗಳು, ಅಮಾತ್ಯರು, ಕಾವಲಿನ ಅಧಿಕಾರಿಗಳು, ಗ್ರಾಮಭೋಜಕರು ಇವರೆಲ್ಲರ ಜೊತೆಗೆ 'ಸಂಚರಂತಕ'ರೂ ಅಲ್ಲಿ ಸೇರಿದ್ದಾರೆ. ಈ ಪದಕ್ಕೆ ಸಂಚಾರಿಗಳಾದ ಗೂಢಚಾರರು ಎಂದು ವಿದ್ವಾಂಸರು ಅರ್ಥ ಹೇಳಿದ್ದಾರೆ. ಮರೆಯಲ್ಲಿರಬೇಕಾದ ಗೂಢಚಾರನು ಬಹಿರಂಗ ಶಾಸನವೊಂದರಲ್ಲಿ ಅಧಿಕಾರಿಗಳ ಸಾಲಿನಲ್ಲಿ ನಿಂತಿರುವುದೇ ಇಲ್ಲಿಯ ವಿಶೇಷ. ಉಳಿದವರು ಪಾಲಿಸಬೇಕಾದ ಆಜ್ಞೆಯನ್ನು ಅವನೂ ಪಾಲಿಸಬೇಕು. ಅವನ ಕೆಲಸ ಗುಟ್ಟಿನದಾದರೂ ಅವನು ಕಟ್ಟಳೆಯ ಹೊರಗಿನವನಲ್ಲ.

ಇಂದಿನ ವಿದ್ಯಾರ್ಥಿಗಳು ಗೂಢಚಾರನನ್ನು ಮೊದಲು ಭೇಟಿಯಾಗುವುದು ಶಾಸನದಲ್ಲಾಗಲಿ ಕಾವ್ಯದಲ್ಲಾಗಲಿ ಅಲ್ಲ, ಕಂಪ್ಯೂಟರಿನ ಮತ್ತು ಮೊಬೈಲಿನ ತಂತ್ರದ ಆಟಗಳಲ್ಲಿ. ಒಬ್ಬರಾದ ಮೇಲೆ ಒಬ್ಬರು ನಡೆ ನಡೆಸುವ ಇಂಥ ಸರದಿಯ ಆಟಗಳು ನಮಗೆ ಹೊಸವಲ್ಲ. ಚದುರಂಗವಿದೆ, ದೇಗುಲದ ಚಪ್ಪಡಿಗಳ ಮೇಲೆ ಕೆತ್ತಿಕೊಂಡು ಆಡುತ್ತಿದ್ದ ಹುಲಿ-ಕುರಿ ಆಟವಿದೆ. ಆದರೆ ಈ ಹಳೆಯ ಮಣೆಗಳ ಮೇಲೆ ಗೂಢಚಾರನಿಗೆ ಎಡೆಯಿಲ್ಲ. ಚದುರಂಗದಲ್ಲಿ ರಾಜ, ಮಂತ್ರಿ, ಆನೆ, ಕುದುರೆ, ಕಾಲಾಳುಗಳೆಲ್ಲ ಇಬ್ಬರ ಕಣ್ಣಿಗೂ ಸಮಾನವಾಗಿ ಕಾಣುತ್ತವೆ; ಮರೆಯಲ್ಲಿರುವುದು ಎದುರಾಳಿಯ ಮನಸ್ಸೊಂದೇ. ಮಣೆಯ ಮೇಲೆ ಕತ್ತಲು ಕವಿದಾಗ ಮಾತ್ರ ಕಣ್ಣು ಬೇಕಾಗುತ್ತದೆ. ಹೊಸ ಆಟಗಳು ಈ ಕತ್ತಲನ್ನು ತಂದವು, ಅದರ ಹಿಂದೆಯೇ ಗೂಢಚಾರನನ್ನೂ ತಂದವು.

2016ರಲ್ಲಿ ಬಂದ 'ಸಿವಿಲೈಸೇಶನ್ 6' ಎಂಬ ಪ್ರಸಿದ್ಧ ಆಟವನ್ನು ನಿದರ್ಶನವಾಗಿ ನೋಡಬಹುದು. ಅಲ್ಲಿ ಗೂಢಚಾರನನ್ನು ಪರನಗರಕ್ಕೆ ಕಳುಹಿಸಿ ಬೊಕ್ಕಸದ ಹಣವನ್ನು ಕದಿಯಬಹುದು, ವಿದ್ಯೆಯನ್ನು ಅಪಹರಿಸಬಹುದು, ಉತ್ಪಾದನೆಯನ್ನು ಕೆಡಿಸಬಹುದು, ದಂಗೆಕೋರರನ್ನು ಎಬ್ಬಿಸಬಹುದು. ಪ್ರತಿಯೊಂದು ಕಾರ್ಯಕ್ಕೂ ಇಂತಿಷ್ಟು ಸರದಿಗಳ ಕಾಲ, ಇಂತಿಷ್ಟು ಗೆಲುವಿನ ಸಾಧ್ಯತೆ ಎಂಬ ಲೆಕ್ಕವಿದೆ. ಹೊಸ ಆಟಗಾರರು ಸಾಮಾನ್ಯವಾಗಿ ಕಳವಿಗೇ ಕೈಹಾಕಿ ಗೂಢಚಾರನನ್ನು ಕಳೆದುಕೊಳ್ಳುತ್ತಾರೆ. ಅನುಭವಿಗಳ ಮಾರ್ಗ ಬೇರೆ. ಅವರು ಮೊದಲು ಆ ನಗರದಲ್ಲಿ ಸುದ್ದಿಯ ಮೂಲಗಳನ್ನು ಗಳಿಸುವ ಕಾರ್ಯವನ್ನು ವಹಿಸುತ್ತಾರೆ. ಅದರಿಂದ ಮುಂದಿನ ಕಾರ್ಯಗಳಲ್ಲಿ ಗೂಢಚಾರನ ಸಾಮರ್ಥ್ಯ ಹೆಚ್ಚುತ್ತದೆ. ಒಬ್ಬನನ್ನು ಏನನ್ನೂ ಕದಿಯದೆ ಆಲಿಸುತ್ತ ಕೂರಲು ಬಿಡುತ್ತಾರೆ. ಅದರಿಂದ ಎದುರಾಳಿಯ ವಿಷಯದಲ್ಲಿ ತಮ್ಮ ತಿಳಿವು ಒಂದು ಮೆಟ್ಟಿಲು ಏರುತ್ತದೆ, ಆ ಮೆಟ್ಟಿಲು ಯುದ್ಧದಲ್ಲಿ ಸೈನ್ಯದ ಬಲವಾಗಿಯೂ ಒದಗುತ್ತದೆ. ಮತ್ತೊಬ್ಬನನ್ನು ತಮ್ಮದೇ ನಗರದಲ್ಲಿ ಪ್ರತಿಚಾರನಾಗಿ ಇರಿಸಿಕೊಳ್ಳುತ್ತಾರೆ. ಇಷ್ಟರಮಟ್ಟಿಗೆ ಈ ಆಟವು ನೀತಿಶಾಸ್ತ್ರಕ್ಕೆ ಹತ್ತಿರದಲ್ಲಿಯೇ ಇದೆ.

ಈ ಆಟಕ್ಕೆ 2018ರಲ್ಲಿ ಬಂದ ವಿಸ್ತರಣೆಯಲ್ಲಿ ಚಂದ್ರಗುಪ್ತ ಮೌರ್ಯನು ಭಾರತದ ನಾಯಕನಾಗಿ ಬರುತ್ತಾನೆ. ಅವನಿಗೆ ಕೊಟ್ಟಿರುವ ವಿಶೇಷ ಶಕ್ತಿಯ ಹೆಸರು 'ಅರ್ಥಶಾಸ್ತ್ರ'. ಆದರೆ ಆ ಶಕ್ತಿಗೂ ಗೂಢಚಾರರಿಗೂ ಸಂಬಂಧವಿಲ್ಲ. ನೆರೆಯ ರಾಜ್ಯದ ಮೇಲೆ ವಿಸ್ತರಣೆಯ ಯುದ್ಧ ಸಾರಿದಾಗ ಅವನ ಪಡೆಗಳ ವೇಗವೂ ಬಲವೂ ಹೆಚ್ಚುತ್ತವೆ, ಅಷ್ಟೇ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥವನ್ನು ತೆರೆದವರಿಗೆ ಇದು ವಿಚಿತ್ರವೆನಿಸದಿರದು. ಒಂದೆಡೆ ನೆಲೆನಿಲ್ಲುವ 'ಸಂಸ್ಥ'ರು, ತಿರುಗುವ 'ಸಂಚಾರ'ರು ಎಂದು ಗೂಢಪುರುಷರನ್ನು ವಿಂಗಡಿಸಿ, ಅವರ ವೇಷ, ವೇತನ, ವರದಿಗಳನ್ನು ಕೌಟಿಲ್ಯನು ಮೊದಲ ಅಧಿಕರಣದಲ್ಲಿಯೇ ನಿರೂಪಿಸಿದ್ದಾನೆ. ಚಂದ್ರಗುಪ್ತನ ಕಡೆಯ ದಿನಗಳನ್ನು ಶ್ರವಣಬೆಳಗೊಳದ ಬೆಟ್ಟದಲ್ಲಿ, ರಾಜ್ಯವನ್ನು ತೊರೆದ ಮುನಿಯ ರೂಪದಲ್ಲಿ ಕಂಡ ಜೈನ ಪರಂಪರೆಗಂತೂ ನೆಲ ಗೆಲ್ಲುವುದನ್ನಷ್ಟೇ ಬಲ್ಲ ಈ ಚಂದ್ರಗುಪ್ತ ಅಪರಿಚಿತನೇ ಸರಿ.

ಆದರೆ ಆಟದ ನಿಜವಾದ ಕೊರತೆ ಹೆಸರಿನಲ್ಲಿಲ್ಲ. ಅಲ್ಲಿಯ ಗೂಢಚಾರನು ಸೆರೆಸಿಗಬಹುದು, ಸಾಯಬಹುದು. ಸುಳ್ಳು ಮಾತ್ರ ಹೇಳಲಾರ. ಅವನು ತಂದ ಸುದ್ದಿ ಯಾವಾಗಲೂ ನಿಜ. ಅವನು ಹೆದರಿ ಹೇಳುವುದಿಲ್ಲ, ಒಡೆಯನನ್ನು ಮೆಚ್ಚಿಸಲು ಹೇಳುವುದಿಲ್ಲ, ಎರಡು ಕಡೆಯ ಸಂಬಳ ತಿನ್ನುವುದಿಲ್ಲ. ರಾಜ್ಯವಾಳಿದವರ ಅನುಭವ ಇದಕ್ಕೆ ವಿರುದ್ಧವಾದದ್ದು. ಗೂಢಚಾರನನ್ನು ಕಳುಹಿಸುವುದು ಸುಲಭ. ಅವನು ತಂದ ಮಾತನ್ನು ತೂಗಿ ನೋಡುವುದೂ, ಅಪ್ರಿಯವಾದರೂ ಸಹಿಸಿ ಕೇಳುವುದೂ ಕಷ್ಟ. ಚಾರವಿದ್ಯೆಯ ಫಲ ನಿರ್ಧಾರವಾಗುವುದು ಶತ್ರುವಿನ ಕೋಟೆಯೊಳಗಲ್ಲ, ಸ್ವಂತ ಆಸ್ಥಾನದಲ್ಲಿ. ಈ ಮಾತನ್ನು ಕನ್ನಡನಾಡಿನ, ಅದರಲ್ಲೂ ಇದೇ ಸೀಮೆಯ, ಸಾಹಿತ್ಯಚರಿತ್ರೆಯಿಂದಲೇ ತೋರಿಸಲು ಸಾಧ್ಯವಿದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಲ್ಲಿರುವ 1055ರ ಶಾಸನವು ಅಲ್ಲಿಯ ಬಸದಿಯನ್ನು ದುರ್ವಿನೀತನು ಕಟ್ಟಿಸಿದನೆಂದು ಹೇಳುತ್ತದೆ. ಗಂಗ ವಂಶದ ಈ ಅರಸನು ಭಾರವಿಯ 'ಕಿರಾತಾರ್ಜುನೀಯ'ದ 15ನೆಯ ಸರ್ಗಕ್ಕೆ ಟೀಕೆ ಬರೆದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನ ತಿಳಿಸುತ್ತದೆ. ಭಾರವಿ ಕನ್ನಡನಾಡಿಗೆ ಎಷ್ಟು ಪರಿಚಿತನಾಗಿದ್ದನೆಂಬುದಕ್ಕೆ, 634ರ ಐಹೊಳೆ ಶಾಸನದಲ್ಲಿ ಜೈನಕವಿ ರವಿಕೀರ್ತಿಯು ಕಾಳಿದಾಸನೊಡನೆ ಅವನ ಹೆಸರನ್ನೂ ಎತ್ತಿರುವುದು ಸಾಕ್ಷಿ. ಆ ಮಹಾಕಾವ್ಯ ಆರಂಭವಾಗುವುದೇ ಗೂಢಚಾರನೊಬ್ಬನ ವರದಿಯಿಂದ.

ದ್ವೈತವನದಲ್ಲಿರುವ ಧರ್ಮರಾಜನು ವನಚರನೊಬ್ಬನನ್ನು ಬ್ರಹ್ಮಚಾರಿಯ ವೇಷದಲ್ಲಿ ಹಸ್ತಿನಾವತಿಗೆ ಕಳುಹಿಸಿರುತ್ತಾನೆ. ಹಿಂದಿರುಗಿದ ಅವನು ಸೈನ್ಯದ ಸಂಖ್ಯೆಯನ್ನಾಗಲಿ ಕೋಟೆಯ ಬಿರುಕನ್ನಾಗಲಿ ವರದಿ ಮಾಡುವುದಿಲ್ಲ. ದುರ್ಯೋಧನನು ಚೆನ್ನಾಗಿ ರಾಜ್ಯವಾಳುತ್ತಿದ್ದಾನೆ, ಪ್ರಜೆಗಳ ಒಲವು ಗಳಿಸುತ್ತಿದ್ದಾನೆ, ಜೂಜಿನಿಂದ ಪಡೆದ ನೆಲವನ್ನು ನೀತಿಯಿಂದ ತನ್ನದಾಗಿಸಿಕೊಳ್ಳುತ್ತಿದ್ದಾನೆ ಎಂಬುದು ಅವನು ತಂದ ಸುದ್ದಿ. ಕಾಡುಪಾಲಾದ ಅರಸನಿಗೆ ಇದಕ್ಕಿಂತ ಕಹಿಯಾದ ಮಾತಿಲ್ಲ. ಆದ್ದರಿಂದಲೇ ಅವನು ಮೊದಲು ಅನುಮತಿ ಬೇಡಿ, ಹಿತವೂ ಪ್ರಿಯವೂ ಆದ ಮಾತು ದುರ್ಲಭವೆಂದು ಎಚ್ಚರಿಸಿ, ಆಮೇಲೆ ವಿಷಯಕ್ಕೆ ಬರುತ್ತಾನೆ. ಧರ್ಮರಾಜ ಅವನ ಮೇಲೆ ಸಿಡಿಮಿಡಿಗೊಳ್ಳುವುದಿಲ್ಲ. ಅವನನ್ನು ಸತ್ಕರಿಸಿ ಕಳುಹಿಸಿ, ಕೇಳಿದ್ದನ್ನು ತಮ್ಮಂದಿರ ಎದುರಿನಲ್ಲಿ ದ್ರೌಪದಿಗೆ ತಿಳಿಸುತ್ತಾನೆ. ದ್ರೌಪದಿಯ ಮತ್ತು ಭೀಮನ ಸಿಟ್ಟು, ಧರ್ಮರಾಜನ ಸಮಾಧಾನ, ವ್ಯಾಸರ ಆಗಮನ, ಅರ್ಜುನನ ತಪಸ್ಸು ಎಲ್ಲವೂ ಆ ವರದಿಯಿಂದಲೇ ಹೊರಟವು. ಒಂದು ಕಾಸೂ ಕದಿಯದ, ಯಾರನ್ನೂ ಕೊಲ್ಲದ ಈ ವನಚರನಷ್ಟು ಪರಿಣಾಮಕಾರಿಯಾದ ಗೂಢಚಾರ ಬೇರೊಬ್ಬನಿಲ್ಲ. ಅವನ ಯಶಸ್ಸಿನಲ್ಲಿ ಅರ್ಧಪಾಲು ಅವನನ್ನು ಕೇಳಿಸಿಕೊಂಡವನದು.

ಕಾವ್ಯವು ಹೀಗೆ ಕಥೆಯಲ್ಲಿ ತೋರಿಸಿದ್ದನ್ನು ಹತ್ತನೆಯ ಶತಮಾನದ ಸೋಮದೇವಸೂರಿ 'ನೀತಿವಾಕ್ಯಾಮೃತ'ದಲ್ಲಿ ಸೂತ್ರರೂಪಕ್ಕೆ ಇಳಿಸಿದ್ದಾನೆ. ರಾಷ್ಟ್ರಕೂಟರ ಕಾಲದ ಈ ಜೈನಾಚಾರ್ಯನ 'ಯಶಸ್ತಿಲಕ ಚಂಪೂ' ಪೂರ್ಣಗೊಂಡದ್ದು 959ರಲ್ಲಿ, ಪಂಪನ ಆಶ್ರಯದಾತ ಅರಿಕೇಸರಿಯ ಮಗನ ಆಳ್ವಿಕೆಯಲ್ಲಿ. 'ನೀತಿವಾಕ್ಯಾಮೃತ'ದ 32 ಸಮುದ್ದೇಶಗಳಲ್ಲಿ ಒಂದು ಸಂಪೂರ್ಣವಾಗಿ ಚಾರರಿಗೇ ಮೀಸಲು. ಸ್ವಮಂಡಲ, ಪರಮಂಡಲಗಳನ್ನು ಕಾಣಲು ಚಾರರೇ ಅರಸನ ಕಣ್ಣುಗಳು, ಅವರಿಲ್ಲದ ರಾಜ್ಯ ಇರುಳು ಕಾವಲಿಲ್ಲದ ಮನೆಯಂತೆ ಎಂಬುದು ಅಲ್ಲಿಯ ನಿಲುವು. ಸನ್ಯಾಸಿ, ಗೃಹಸ್ಥ, ವರ್ತಕ, ಹಾವಾಡಿಗ, ನಟ, ಗಾಯಕ, ವೈದ್ಯ, ಜೋಯಿಸ, ಅಡುಗೆಯವ, ಮೂಕ, ಕಿವುಡ, ಕುರುಡ ಹೀಗೆ ವೇಷಗಳ ಪಟ್ಟಿ ಬೆಳೆಯುತ್ತದೆ. ಆದರೆ ಇದಕ್ಕಿಂತ ಮುಖ್ಯವಾದದ್ದು ಕೌಟಿಲ್ಯನಿಂದ ಬಂದ, ಸೋಮದೇವನೂ ಒಪ್ಪಿದ ನಿಯಮ: ಪರಸ್ಪರ ಅರಿಯದ ಮೂವರ ಮಾತು ಒಂದೇ ಆದಾಗ ಮಾತ್ರ ನಂಬಬೇಕು. ಕಣ್ಣು ಕೂಡ ಮೋಸಹೋಗುತ್ತದೆ ಎಂಬ ಅರಿವಿನ ಮೇಲೆ ನಿಂತ ನಿಯಮವಿದು. ಆಟದಲ್ಲಿ ಇದಕ್ಕೆ ಸ್ಥಳವಿಲ್ಲ, ಏಕೆಂದರೆ ಅಲ್ಲಿ ಮೊದಲನೆಯವನ ಮಾತೇ ಸತ್ಯ.

ಈ ಸೀಮೆಯ ಕೋಟೆಗಳೂ ಇದೇ ಪಾಠವನ್ನು ಹೇಳುತ್ತವೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕಾಗಿ ನೊಳಂಬರು, ಗಂಗರು, ಪಾಂಡ್ಯರು, ಹೊಯ್ಸಳರು ಕಾದಾಡಿದರು. ಚಾವುಂಡರಾಯನ 'ರಣರಂಗಸಿಂಗ' ಎಂಬ ಬಿರುದು ಈ ದುರ್ಗದ ಕಾಳಗದಿಂದಲೇ ಬಂದದ್ದು. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿಯೂ ಕೈಬಿಟ್ಟ ಈ ಕೋಟೆಯನ್ನು ಇಮ್ಮಡಿ ಬಲ್ಲಾಳನು ಸುಲಭವಾಗಿ ವಶಪಡಿಸಿಕೊಂಡನೆಂದು ಹೊಯ್ಸಳ ಶಾಸನ ಹೊಗಳುತ್ತದೆ. ಪ್ರಶಸ್ತಿಕಾವ್ಯದ ರೂಢಿಯಂತೆ ಗೆಲುವು ಅರಸನ ತೋಳಿಗೆ ಸಲ್ಲುತ್ತದೆ. ದಾರಿ ತೋರಿದ ಕಣ್ಣುಗಳಿಗೆ ಪ್ರಶಸ್ತಿಯಲ್ಲಿ ಜಾಗವಿರುವುದಿಲ್ಲ. ಇತಿಹಾಸವನ್ನು ಪ್ರಶಸ್ತಿಗಳಿಂದಷ್ಟೇ ಕಟ್ಟುವವರು ಈ ಮೌನವನ್ನು ನೆನಪಿನಲ್ಲಿಡಬೇಕು.

ಕೂಡ್ಲಿಗಿ, ಕೊಟ್ಟೂರುಗಳ ದಕ್ಷಿಣಕ್ಕೆ ಚಿತ್ರದುರ್ಗದ ಸೀಮೆ. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳ ಪಾಳೆಯಗಾರರಿಗೆ ಅದು ಒಮ್ಮೆ ನೆಂಟ, ಒಮ್ಮೆ ವೈರಿ. ಜನ ಹೇಳುವಂತೆ, ಹೈದರಾಲಿಯ ಕಡೆಯವರು ಆ ಕೋಟೆಯ ಕಿಂಡಿಯೊಂದನ್ನು ಅದರ ಮೂಲಕ ಹೋಗಿಬರುವವರನ್ನು ಹೊಂಚಿ ನೋಡಿ ಕಂಡುಹಿಡಿದರು. ಸುದ್ದಿ ನಿಜವಾಗಿತ್ತು, ಆದರೂ ಫಲಿಸಲಿಲ್ಲ. ಕಿಂಡಿಯ ಒಳಬದಿಯಲ್ಲಿ ಓಬವ್ವ ಒನಕೆ ಹಿಡಿದು ನಿಂತಿದ್ದಳು. ಪ್ರತಿಚಾರವೆಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1779ರಲ್ಲಿ ಕೋಟೆ ಕೊನೆಗೂ ಹೈದರನ ವಶವಾಯಿತೆಂಬುದು ಬೇರೆ ಮಾತು.

ಇಲ್ಲಿಗೆ ನೀತಿಯ ಮಾತು ಮುಗಿದರೂ ಧರ್ಮದ ಮಾತು ಉಳಿಯುತ್ತದೆ. 'ತತ್ತ್ವಾರ್ಥಸೂತ್ರ'ವು ಸತ್ಯಾಣುವ್ರತದ ಅತಿಚಾರಗಳನ್ನು ಹೆಸರಿಸುವಲ್ಲಿ ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ಸಾಕಾರಮಂತ್ರಭೇದಗಳನ್ನು ಸೇರಿಸಿದೆ. ಏಕಾಂತದ ಸಂಗತಿಯನ್ನು ಹೊರಗೆಡಹುವುದು, ಸುಳ್ಳು ಬರಹವನ್ನು ಸೃಷ್ಟಿಸುವುದು, ಮುಖಚರ್ಯೆಯಿಂದ ಇನ್ನೊಬ್ಬರ ಮನಸ್ಸನ್ನು ಊಹಿಸಿ ಬಯಲು ಮಾಡುವುದು: ಈ ಮೂರೂ ಸೇರಿದರೆ ಗೂಢಚಾರನ ವೃತ್ತಿಯ ವಿವರಣೆಯೇ ಆಯಿತು. ಸೋಮದೇವನಿಗೆ ಇದು ತಿಳಿಯದ ವಿಷಯವಲ್ಲ; 'ಯಶಸ್ತಿಲಕ'ದ ಕೊನೆಯ ಆಶ್ವಾಸಗಳು ಶ್ರಾವಕಾಚಾರದ ನಿರೂಪಣೆಗೇ ಮೀಸಲಾಗಿವೆ. ಸ್ವತಃ ಮುನಿಯಾದವನೇ ತಾಪಸವೇಷವನ್ನೂ ಚಾರರ ಪಟ್ಟಿಯಲ್ಲಿ ಬರೆದನು. ಗೂಢಚಾರನು ಸನ್ಯಾಸಿಯ ವೇಷ ತೊಟ್ಟ ದಿನ ನಿಜವಾದ ಸನ್ಯಾಸಿಯ ಮೇಲೂ ಸಂಶಯ ಹುಟ್ಟುತ್ತದೆ. ಆ ಬೆಲೆ ತೆರುವವನು ಅರಸನಲ್ಲ, ಊರೂರು ತಿರುಗುವ ನಿರಪರಾಧಿ ಮುನಿ.

ಈ ವಿರೋಧವನ್ನು ಸಂಪೂರ್ಣವಾಗಿ ಪರಿಹರಿಸಲಾಗದು, ಆದರೆ ಅಳತೆಗೋಲೊಂದನ್ನು ಕಂಡುಕೊಳ್ಳಬಹುದು. ಕೋಗಳಿಯ ಬಸದಿಯನ್ನು ಕಟ್ಟಿಸಿದ ದುರ್ವಿನೀತನಿಗೆ ಪೂಜ್ಯಪಾದರು ಗುರುಗಳಾಗಿದ್ದರೆಂಬ ಪ್ರತೀತಿಯುಂಟು. ಆ ಪೂಜ್ಯಪಾದರ 'ಸರ್ವಾರ್ಥಸಿದ್ಧಿ' ಟೀಕೆಯು ಸಾಕಾರಮಂತ್ರಭೇದವನ್ನು ವಿವರಿಸುವಾಗ ಅಸೂಯೆ ಮೊದಲಾದ ಕಾರಣಗಳನ್ನು ಹೇಳುತ್ತದೆ. ಹಾಗಾದರೆ ದೋಷದ ಮೂಲ ನೋಡುವುದರಲ್ಲಿಲ್ಲ, ನೋಡಿದ್ದನ್ನು ಯಾವ ಭಾವದಿಂದ, ಏತಕ್ಕಾಗಿ ಬಳಸಲಾಯಿತು ಎಂಬುದರಲ್ಲಿದೆ. ರಕ್ಷಣೆಗಾಗಿ ಆಲಿಸುವುದಕ್ಕೂ ಹೊಟ್ಟೆಕಿಚ್ಚಿನಿಂದ ಕದಿಯುವುದಕ್ಕೂ ಅಂತರವಿದೆ. ಆಟದಲ್ಲಿ ಇವೆರಡೂ ಒಂದೇ ಪಟ್ಟಿಯ ಎರಡು ಆಯ್ಕೆಗಳಾಗಿ ಕಾಣಿಸಿಕೊಳ್ಳುತ್ತವೆ. ಒಂದಕ್ಕಿಂತ ಇನ್ನೊಂದು ಹೆಚ್ಚು ಲಾಭಕರವೇ ಎಂಬುದಷ್ಟೇ ಅಲ್ಲಿಯ ಪ್ರಶ್ನೆ.

ಇಂಥ ಆಟಗಳನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಹತ್ತಾರು ಸರದಿಗಳ ಮುಂದಿನದನ್ನು ಯೋಚಿಸುವ ಅಭ್ಯಾಸವನ್ನು ಅವು ಕಲಿಸುತ್ತವೆ, ಅದು ಸಣ್ಣ ಸಂಗತಿಯಲ್ಲ. ಆದರೆ ಆಡುವ ತರುಣರಿಗೆ ಭಾರವಿಯ ಮೊದಲ ಸರ್ಗವನ್ನೂ ಸೋಮದೇವನ ಚಾರಸಮುದ್ದೇಶವನ್ನೂ ಶ್ರಾವಕಾಚಾರದ ಅತಿಚಾರಗಳನ್ನೂ ಒಟ್ಟಿಗೆ ಓದಿಸುವ ಹೊಣೆ ಸಾಹಿತ್ಯದ ಅಧ್ಯಾಪಕರದು. ಈಗ ಕಾವ್ಯ ಒಂದು ತರಗತಿಯಲ್ಲಿ, ಶಾಸನ ಇನ್ನೊಂದರಲ್ಲಿ, ಧರ್ಮಶಾಸ್ತ್ರ ಎಲ್ಲಿಯೂ ಇಲ್ಲವೆಂಬಂತೆ ಪಾಠ ಸಾಗುತ್ತಿದೆ. ಒಟ್ಟಿಗೆ ಓದಿದರೆ ಗೂಢಚಾರನ ಪೂರ್ಣ ಚಿತ್ರ ದೊರೆಯುತ್ತದೆ: ಶಾಸನದಲ್ಲಿ ಅವನು ಕಟ್ಟಳೆಗೆ ಒಳಪಟ್ಟ ಅಧಿಕಾರಿ, ನೀತಿಶಾಸ್ತ್ರದಲ್ಲಿ ಪರೀಕ್ಷೆಗೆ ಒಳಪಡಬೇಕಾದ ಸಾಕ್ಷಿ, ವ್ರತಶಾಸ್ತ್ರದ ಮುಂದೆ ಉತ್ತರ ಹೇಳಬೇಕಾದ ಮನುಷ್ಯ. ಸಾವಿರಾರು ಕಣ್ಣುಗಳು ಎಲ್ಲರನ್ನೂ ನೋಡುತ್ತಿರುವ ಈ ಕಾಲದಲ್ಲಿ ಕೊರತೆಯಿರುವುದು ಕಣ್ಣುಗಳಿಗಲ್ಲ. ವನಚರನ ಕಹಿಮಾತನ್ನು ಸತ್ಕಾರದಿಂದ ಕೇಳಿದ ಧರ್ಮರಾಜನ ಕಿವಿ ಇಂದು ಯಾರಿಗಿದೆ ಎಂಬುದೇ ಕೇಳಬೇಕಾದ ಪ್ರಶ್ನೆ.