ಕರುಳಿನೊಳಗಿನ ಒಕ್ಕಲು

ಮಳೆಗಾಲ ಬಂತೆಂದರೆ ಶಿಕಾರಿಪುರ, ಸೊರಬದ ಹಳ್ಳಿಮನೆಗಳಲ್ಲಿ ಕೆಸುವಿನ ಸೊಪ್ಪು, ಕಳಲೆ ಒಲೆಯೇರುತ್ತವೆ. ಬಾಳೆದಿಂಡಿನ ಪಲ್ಯಕ್ಕೆ, ಹುರುಳಿ ಸಾರಿಗೆ ಕಾಲದ ಹಂಗಿಲ್ಲ. ಇವುಗಳಲ್ಲಿರುವ ನಾರನ್ನು ಜೀರ್ಣಿಸಿಕೊಳ್ಳುವ ಕಿಣ್ವ ಮನುಷ್ಯನಲ್ಲಿಲ್ಲ. ಹಾಗಾದರೆ ತಿಂದು ಪ್ರಯೋಜನವೇನು? ಉಣ್ಣುವವರು ಬೇರೆ ಇದ್ದಾರೆ. ದೊಡ್ಡಕರುಳಿನಲ್ಲಿ ಒಕ್ಕಲಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಒಬ್ಬ ವ್ಯಕ್ತಿಯಲ್ಲಿ ಇವುಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಲೆಕ್ಕ ಹಾಕಲಾಯಿತು. ಒಟ್ಟು ತೂಕ ಮಾತ್ರ 200 ಗ್ರಾಂ ಆಸುಪಾಸು!

ನಾರು ಕೊಳೆತು ಹುಳಿಯಾಗುವಾಗ ಬ್ಯುಟಿರೇಟ್‌ನಂಥ ಚಿಕ್ಕ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಇನ್ಸುಲಿನ್ ಸ್ರವಿಸಲು ನೆರವಾಗುವ ಹಾರ್ಮೋನನ್ನೂ ಈ ಆಮ್ಲಗಳು ಪ್ರಚೋದಿಸುತ್ತವೆ. ನಾರು ಸಿಗದೆ ಹೋದರೆ ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಲೋಳೆಪದರವನ್ನೇ ತಿನ್ನತೊಡಗುತ್ತವೆ ಎಂಬುದು ಇಲಿಗಳಲ್ಲಿ ಕಂಡುಬಂದಿದೆ. ಹೀಗೆ ಬೇಲಿ ಸಡಿಲವಾದಾಗ ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳು ರಕ್ತಕ್ಕೆ ಸೇರಿ, ಕಣ್ಣಿಗೆ ಕಾಣದ ಸಣ್ಣ ಉರಿಯೂತ ಶುರುವಾಗುತ್ತದೆ. ಆಗ ಯಕೃತ್ತು, ಸ್ನಾಯುಗಳು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಎರಡನೇ ಬಗೆಯ ಮಧುಮೇಹದ ಮೊದಲ ಮೆಟ್ಟಿಲು ಇದೇ.

2004ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಿಜ್ಞಾನಿಗಳು, ಬ್ಯಾಕ್ಟೀರಿಯಾ ಸೋಕದಂತೆ ಬೆಳೆಸಿದ ಇಲಿಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಸೇರಿಸಿದರು. 14 ದಿನಗಳಲ್ಲಿ ಇಲಿಗಳ ಕೊಬ್ಬು ಸುಮಾರು ಶೇ. 60ರಷ್ಟು ಏರಿತು. ಸೋಜಿಗವೆಂದರೆ, ಅವು ಮೊದಲಿಗಿಂತ ಕಡಿಮೆ ತಿನ್ನುತ್ತಿದ್ದವು!

ಇಲಿಯ ಮಾತು ಮನುಷ್ಯನಿಗೆ ಹಾಗೇ ಹೊಂದೀತೆ? ಪೂರ್ತಿ ಇಲ್ಲ. ತೆಳ್ಳಗಿನವರ ಮಲದಲ್ಲಿನ ಬ್ಯಾಕ್ಟೀರಿಯಾಗಳನ್ನು ಸ್ಥೂಲಕಾಯದವರ ಕರುಳಿಗೆ ಸೇರಿಸಿದ ನೆದರ್‌ಲ್ಯಾಂಡ್ಸ್‌ನ ವೈದ್ಯರು, ಆರು ವಾರಗಳಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸಮಾಡಿದ್ದನ್ನು 2012ರಲ್ಲಿ ವರದಿ ಮಾಡಿದರು. ಆದರೆ 18 ವಾರಗಳ ಹೊತ್ತಿಗೆ ಆ ಗುಣ ಉಳಿದಿರಲಿಲ್ಲವೆಂದು 2017ರಲ್ಲಿ ಗೊತ್ತಾಯಿತು. ಇನ್ನೊಂದು ತೊಡಕೂ ಇದೆ. ಮಧುಮೇಹಿಗಳ ಕರುಳಿನಲ್ಲಿ ಕಂಡ ವ್ಯತ್ಯಾಸಗಳಲ್ಲಿ ಒಂದಷ್ಟು, ಅವರು ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯಿಂದಲೇ ಆದದ್ದೆಂದು 2015ರ ಅಧ್ಯಯನ ತೋರಿಸಿತು. ರೋಗ ಯಾವುದು, ಮದ್ದಿನ ಗುರುತು ಯಾವುದು ಎಂದು ಬಿಡಿಸುವುದು ಸುಲಭವಲ್ಲ.

ಆದ್ದರಿಂದ ಮಜ್ಜಿಗೆ, ತಂಬುಳಿಯನ್ನು ನಂಬಿ ಮಾತ್ರೆ ಬಿಡುವುದು ಅಪಾಯ. ಕರುಳನ್ನು ಸರಿಮಾಡುತ್ತೇವೆಂದು ಮಾರುವ ಪುಡಿಗಳೂ ಸಕ್ಕರೆ ಕಾಯಿಲೆಯ ಮದ್ದಲ್ಲ. ಅಡುಗೆಮನೆಯ ನಾರಿಗೆ ಮಾತ್ರ ಯಾರ ಚೀಟಿಯೂ ಬೇಡ. ಶಾಲೆ ಬಿಟ್ಟ ಕೂಡಲೇ ಬೇಕರಿಯ ಪಫ್ಸ್‌ಗೆ ಓಡುವ ಮಕ್ಕಳ ಕರುಳಿನ ಒಕ್ಕಲಿಗೆ ಮೈದಾದಲ್ಲಿ ಸಿಗುವುದು ತೀರ ಅಲ್ಪ. ಬೇಯಿಸಿದ ಕಡಲೆ, ಹೆಸರುಕಾಳು, ಸೀಬೆಹಣ್ಣಿನಲ್ಲಿ ಬೇಕಾದಷ್ಟಿದೆ. ನೆಗಡಿಗೆಲ್ಲ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಿಸುವ ರೂಢಿಯೂ ನಿಲ್ಲಬೇಕು. ನೆಗಡಿಯ ವೈರಸ್ ಅದರಿಂದ ಸಾಯದು. ಸಾಯುವವು ಕರುಳಿನ ಬ್ಯಾಕ್ಟೀರಿಯಾಗಳು.

ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿತು. ಮೊದಮೊದಲು ಈ ಕಾಯಿಲೆ ನೋವು ಕೊಡುವುದಿಲ್ಲ. 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಕ್ಕರೆ ಪರೀಕ್ಷೆ ಮಾಡುತ್ತಾರೆ. ಖಾಲಿಹೊಟ್ಟೆಯ ರಕ್ತದಲ್ಲಿ ಸಕ್ಕರೆ 126 ಮಿ.ಗ್ರಾಂ ಮುಟ್ಟಿದ್ದರೆ ಇನ್ನೊಂದು ದಿನ ಮತ್ತೆ ನೋಡಿಸಿ, ವೈದ್ಯರನ್ನು ಕಾಣಬೇಕು.