ಅಕ್ಕನ ಮಗಳ ಹಟ

ಅಮೆರಿಕದಲ್ಲಿರುವ ನಮ್ಮಕ್ಕ ಮೊನ್ನೆ ಫೋನಿನಲ್ಲಿ ಅತ್ತುಬಿಟ್ಟಳು. ಬ್ಯಾಸ್ಕೆಟ್‌ಬಾಲ್ ಆಡುವ ಮಗಳು ಬೇರೆ ಕಾಲೇಜಿಗೆ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳಂತೆ. ಪದವಿಗೆ ಇನ್ನೊಂದೇ ವರ್ಷ ಬಾಕಿ! ಮಂಡಿಗೆ ಪೆಟ್ಟಾಗಿ ಒಂದು ವರ್ಷ ಆಡಿರಲಿಲ್ಲ, ಹಾಗಾಗಿ ಪದವಿ ಆದಮೇಲೂ ಒಂದು ವರ್ಷದ ಆಟ ಉಳಿಯುತ್ತದೆ.

ಹುಡುಗಿಯೇ ನನಗೆ ಬಿಡಿಸಿ ಹೇಳಿದಳು. ಅಲ್ಲಿ ದೊಡ್ಡ ಕಾಲೇಜುಗಳ ಆಟಕ್ಕೆ ಎನ್‌.ಸಿ.ಎ.ಎ. ಎಂಬ ಸಂಸ್ಥೆಯ ಕಾಯಿದೆ. ಹಿಂದೆಲ್ಲ ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲಿನವರು ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಪದವಿ ಮುಗಿಸಿ ಮೇಲಿನ ಓದಿಗೆ ಹೋದವರಿಗೆ ವಿನಾಯಿತಿ ಸಿಗುತ್ತಿತ್ತು. ಜೋ ಬರೋ ಎಂಬ ಹುಡುಗ ಒಹಾಯೊ ಸ್ಟೇಟ್‌ನಲ್ಲಿ ಮೂರೇ ವರ್ಷಕ್ಕೆ ಪದವಿ ಮುಗಿಸಿ 2018ರಲ್ಲಿ ಲೂಸಿಯಾನಾ ಸ್ಟೇಟ್ ಸೇರಿದ. ಮೊದಲಿನ ಕಡೆ ಬೆಂಚು ಕಾಯುತ್ತಿದ್ದವನು 2019ರಲ್ಲಿ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಬಹುಮಾನವಾದ ಹೈಸ್‌ಮನ್ ಟ್ರೋಫಿ ಗೆದ್ದ. (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಹೆಸರು ಯಾಕಿಟ್ಟರೋ!)

2021ರಲ್ಲಿ ಎಲ್ಲರಿಗೂ ಒಂದು ಸಲ, 2024ರಲ್ಲಿ ಓದು ಸರಿಯಿದ್ದರೆ ಎಷ್ಟು ಸಲವಾದರೂ ಬದಲಿಸಬಹುದೆಂದಾಯಿತು. ಮತ್ತೆ ಅಕ್ಕನಿಗೇಕೆ ಅಳು ಅಂತೀರಾ? ಹೊಸ ಕಾಲೇಜು ಇಲ್ಲಿ ಪಾಸಾದ ಪಾಠಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯದಿರಬಹುದು. ಆಗ ಪದವಿ ಮುಂದಕ್ಕೆ ಹೋಗುತ್ತೆ, ಆಡುವ ವರ್ಷ ಮಾತ್ರ ಕಾಯೋದಿಲ್ಲ. ಪದವಿ ಮುಗಿಸಿಯೇ ಹೊರಟವಳಿಗೆ ಆ ಭಯವಿಲ್ಲ ನೋಡಿ.

"ಬೈಬೇಡ ಅಕ್ಕಾ, ಎಷ್ಟು ಪಾಠ ಒಪ್ಪುತ್ತಾರೆ ಅಂತ ಆ ಕಾಲೇಜಿನಿಂದ ಬರೆಸಿಕೊಳ್ಳಲಿ," ಅಂದೆ. ಹುಡುಗಿ ಬರೆದು ಕೇಳಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.